ಅಪ್ಪೆಮಿಡಿಯ ಅಪಾರ್ಥ

ನಮ್ಮ ಕಚೇರಿಯ ಆಂತರಿಕ ಸಮಿತಿಗೆ ನಾನು ಅಧ್ಯಕ್ಷೆಯಾಗಿರುವುದಕ್ಕೆ ನನ್ನ ಯೋಗ್ಯತೆ ಕಾರಣವಲ್ಲ, ವಯಸ್ಸು ಕಾರಣ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಯಲ್ಲೆಲ್ಲ ಇಂಥದೊಂದು ಸಮಿತಿ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹಿರಿಯ ಹುದ್ದೆಯ ಮಹಿಳೆಯೇ ಅದರ ಅಧ್ಯಕ್ಷತೆ ವಹಿಸಬೇಕು ಎಂದು ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಹೇಳುತ್ತದೆ. ನನಗಿಂತ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಹೋದ ಮೇಲೆ, ಶಿವಮೊಗ್ಗದ ಈ ಅಡಿಕೆ ವ್ಯವಹಾರದ ಕಚೇರಿಯಲ್ಲಿ ಹಿರಿಯಳೆಂದು ಉಳಿದವಳು ನಾನೊಬ್ಬಳೇ. ಹಾಗಾಗಿ ವರ್ಷಕ್ಕೊಮ್ಮೆ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು, ಕಚೇರಿಯಲ್ಲಿ ಗಂಡಸು ಹೆಂಗಸಿನೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ತಿಳಿವಳಿಕೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಕಳೆದ ಸಲದ ಸಭೆಯಲ್ಲಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗನೊಬ್ಬ ಎದ್ದು ನಿಂತು, ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಹೆಂಗಸರ ಸಂದೇಶಕ್ಕೆಲ್ಲ ತಾನು ಕೆಂಪು ಹೃದಯ ಒತ್ತುತ್ತಿರುವುದು ತಪ್ಪೇ ಎಂದು ಬಹಳ ವಿನಯದಿಂದ ಕೇಳಿದ. ಆ ದಿನದ ಅಡಿಕೆ ಧಾರಣೆಯ ಪಟ್ಟಿಗೂ ಹೃದಯ, ರಜೆಯ ಅರ್ಜಿಗೂ ಹೃದಯ, ಒಬ್ಬರು ಜ್ವರವೆಂದು ಬರೆದದ್ದಕ್ಕೂ ಹೃದಯ ಬಿದ್ದಿದ್ದನ್ನು ನಾನೂ ನೋಡಿದ್ದೆ. ಏಕಪ್ಪಾ ಎಂದು ವಿಚಾರಿಸಿದರೆ, "ಮೇಡಂ, ಹೆಂಗಸ್ರಿಗೆ ಹೆಬ್ಬೆಟ್ಟು ತೋರ್ಸೋದು ಮರ್ಯಾದೆ ಅಲ್ಲ ಅಂತ ಹಾಗೆ ಮಾಡ್ದೆ" ಎಂದ. ಸಭೆಯಲ್ಲಿದ್ದ ಹೆಣ್ಣುಮಕ್ಕಳು ಸೆರಗಿನಲ್ಲಿ, ದುಪಟ್ಟದಲ್ಲಿ ಬಾಯಿ ಮುಚ್ಚಿಕೊಂಡರು. ಆ ಹೃದಯಗಳಲ್ಲಿ ಒಂದಕ್ಕಾದರೂ ಬೇರೆ ಅರ್ಥವಿದ್ದಿರಬಹುದೆಂದು ಅವರಲ್ಲೊಬ್ಬಳೂ ಎಣಿಸಿರಲಿಲ್ಲ. ಆದರೆ ಅವರಲ್ಲೊಬ್ಬಳು ಆ ಹುಡುಗನಿಗೇ ತಿರುಗಿ ಒಂದು ಹೃದಯ ಒತ್ತಿದ್ದರೆ ಅವನ ಮನೆಯಲ್ಲಿ ಮದುವೆಯ ಛತ್ರ ಹುಡುಕಲು ಶುರುವಾಗುತ್ತಿತ್ತು. ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಆಧಾರವಿದೆ. ಆ ಆಧಾರ ಒಂದು ಗಾಜಿನ ಬಾಟಲಿ.

ನಾನು ಈ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದ್ದು 1994ರಲ್ಲಿ. ಊರು ಸಾಗರದ ಕಡೆಯ ಹಳ್ಳಿಯಾದ್ದರಿಂದ, ವಿನೋಬನಗರದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಅಮ್ಮ ವರ್ಷವರ್ಷವೂ ಮಳೆ ಹಿಡಿಯುವ ಮೊದಲು ಅಪ್ಪೆಮಿಡಿಯ ಉಪ್ಪಿನಕಾಯಿ ಕಳುಹಿಸುತ್ತಿದ್ದಳು. ಹೊಳೆದಂಡೆಯ ಮರದಿಂದ ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳಿಸದಂತೆ ಕೊಯ್ದು, ಸೊನೆ ಹಾಳಾಗದಂತೆ ಉಪ್ಪಿನಲ್ಲಿ ಹಾಕಿ, ಮಿಡಿ ಮುದುಕಿಯ ಕೆನ್ನೆಯಂತೆ ಸುಕ್ಕಾದ ಮೇಲೆ ಸಾಸಿವೆ, ಮೆಣಸು ಬೀಸಿ ಕಲಸಿದ ಆ ಉಪ್ಪಿನಕಾಯಿಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಾತನಾಡಿಸದೆ ಬಿಡುತ್ತಿರಲಿಲ್ಲ. 1996ರಲ್ಲಿ ಫಸಲು ಚೆನ್ನಾಗಿದ್ದುದರಿಂದ ಅಮ್ಮ ನಾಲ್ಕು ಬಾಟಲಿ ಹೆಚ್ಚಿಗೆ ಕೊಟ್ಟಳು. ಮೂರನ್ನು ಕಚೇರಿಯ ಹೆಂಗಸರಿಗೆ ಹಂಚಿದೆ. ನಾಲ್ಕನೆಯದನ್ನು, ಹಬ್ಬಕ್ಕೆ ಊರಿಗೆ ಹೋಗುವಾಗ ನನ್ನ ಸಂಬಳವನ್ನು ಒಂದು ದಿನ ಮೊದಲೇ ಎಣಿಸಿಕೊಟ್ಟಿದ್ದ ಕ್ಯಾಷಿಯರ್ ಸಾಹೇಬರಿಗೆ ಕೊಡುವುದು ನ್ಯಾಯವೆನಿಸಿತು. ಆ ಬಾಟಲಿಯ ಮುಚ್ಚಳ ಸಡಿಲವಿತ್ತು. ಎಣ್ಣೆ ಸೋರೀತೆಂದು ಅದರ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಜಿನ ಮೇಲಿದ್ದ ಕಡತ ಕಟ್ಟುವ ಕೆಂಪು ಲಾಡಿಯಿಂದ ಬಿಗಿದೆ. ಲಾಡಿ ಉದ್ದವಿತ್ತು, ಕತ್ತರಿ ಕೈಗೆ ಸಿಗಲಿಲ್ಲ, ಉಳಿದದ್ದನ್ನು ಹೂವಿನಂತೆ ಗಂಟು ಹಾಕಿದೆ. ನನ್ನ ಅಪರಾಧವೆಂದರೆ ಇಷ್ಟೇ. ಕತ್ತರಿ ಸಿಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮಲೆನಾಡಿನ ಯಾವ ಮನೆಯಲ್ಲೂ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಮೂರು ವಾರ ಕಳೆದ ಮೇಲೆ ಆ ಬಾಟಲಿ, ತೊಳೆದು ಒರೆಸಿಕೊಂಡು, ಒಳಗೆ ಸಕ್ಕರೆ ತುಂಬಿಕೊಂಡು ನನ್ನ ಮೇಜಿಗೆ ಬಂತು. ಸಂಪ್ರದಾಯ ತಿಳಿದ ತಾಯಿಯ ಮಗ ಎಂದುಕೊಂಡೆ. ಇನ್ನು ನಾನು ಬರಿದು ಮಾಡಿ ಇಟ್ಟುಕೊಂಡರೆ ಅತ್ತೆ ಬಿಟ್ಟಾಳೆಯೇ? ಅವಳೇ ಅದರ ತುಂಬ ಮೊಸರಿನಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು ಹಾಕಿಕೊಟ್ಟಳು. ಮುಂದಿನ ಹದಿನೈದು ದಿನಗಳಲ್ಲಿ ಜೇನುತುಪ್ಪ ಬಂತು. ಪುನರ್ವಸು ಮಳೆ ಜಡಿಯುತ್ತಿದ್ದ ಹೊತ್ತಿನಲ್ಲಿ ಇಡೀ ಕಚೇರಿ ಕೆಮ್ಮುತ್ತಿದ್ದುದರಿಂದ ಅದನ್ನು ನಾನು ಔಷಧಿಯೆಂದೇ ಸ್ವೀಕರಿಸಿ, ಅತ್ತೆಗೂ ನೆಕ್ಕಿಸಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಚಟ್ನಿಪುಡಿ ತುಂಬಿ ಮರಳಿಸಿದೆ. ಮುಚ್ಚಳ ಸಡಿಲವೇ ಇದ್ದುದರಿಂದ ಪ್ರತಿ ಪ್ರಯಾಣದಲ್ಲೂ ಆ ಕೆಂಪು ಲಾಡಿ ಜೊತೆಗೇ ಇತ್ತು. ಕ್ಯಾಷಿಯರ್ ಸಾಹೇಬರು ಅಂಗಿಗೆ ಇಸ್ತ್ರಿ ಹಾಕಿಸತೊಡಗಿದ್ದನ್ನೂ, ತಲೆಗೆ ಹೊಸ ಎಣ್ಣೆ ಹಚ್ಚುತ್ತಿದ್ದುದನ್ನೂ, ಆಗುಂಬೆಯ ಸೂರ್ಯಾಸ್ತ ಎಷ್ಟು ಚೆಂದವೆಂದು ಸಂಬಳ ಎಣಿಸುವಾಗ ನೂರರ ಲೆಕ್ಕ ತಪ್ಪಿಸಿಕೊಂಡು ವರ್ಣಿಸುತ್ತಿದ್ದುದನ್ನೂ ಇಡೀ ಕಚೇರಿ ಗಮನಿಸಿತ್ತು, ನನ್ನೊಬ್ಬಳನ್ನು ಬಿಟ್ಟು. ಅಷ್ಟು ಮಳೆಯಲ್ಲಿ ಆಗುಂಬೆಯಲ್ಲಿ ಯಾವ ಸೂರ್ಯ ಕಾಣುತ್ತಾನೆ ಎಂದು ನಾನು ಕೇಳಿದ್ದೆ; ನಾನು ನಿಜವಾಗಿಯೂ ಹವಾಮಾನದ ವಿಷಯವನ್ನೇ ಕೇಳಿದ್ದೆ.

ಶ್ರಾವಣದ ಒಂದು ಭಾನುವಾರ ಸಂಜೆ ಅವರ ತಾಯಿ ಛತ್ರಿ ಮಡಚುತ್ತ ಅತ್ತೆಯ ಮನೆಯ ಜಗಲಿಗೆ ಬಂದರು. ಕೈಯಲ್ಲಿ ಅದೇ ಬಾಟಲಿ, ಒಳಗೆ ಸಣ್ಣಗೆ ಕತ್ತರಿಸಿದ ಕೊಬ್ಬರಿ ಮಿಠಾಯಿ. ನಾನು ದೇವಸ್ಥಾನಕ್ಕೆ ಹೋಗಿದ್ದೆ. ಆಗ ನಡೆದ ಮಾತುಕತೆಯನ್ನು ಎರಡೂ ಕಡೆಯವರಿಂದ ಕೇಳಿ ತಿಳಿದಿರುವುದರಿಂದ ಹೇಳುತ್ತಿದ್ದೇನೆ. ಅವರು ಮಳೆಯ ಮಾತು, ಕೊಳೆರೋಗದ ಮಾತು, ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದ ಮಾತು ಎಲ್ಲ ಮುಗಿಸಿ, "ನಿಮ್ಮನೆಯದ್ದು ಬಾಳ ಇಷ್ಟ ಆಗಿದೆ ನಮ್ಮ ಹುಡುಗನಿಗೆ. ನಮ್ಗೂ ಒಪ್ಪಿಗೆ. ನೀವು ಹೂಂ ಅಂದ್ರೆ ಈ ವರ್ಷವೇ ಆಗ್ಲಿ" ಎಂದರು. ಉಪ್ಪಿನಕಾಯಿಯ ಬಾಟಲಿ ಕೈಯಲ್ಲಿ ಹಿಡಿದು ಬಂದವರು ಇನ್ನೇನು ಕೇಳಿಯಾರೆಂದು ನನ್ನ ಅತ್ತೆ, "ಅಯ್ಯೋ, ಈ ವರ್ಷ ಆಗೋದಿಲ್ಲ ಕಣ್ರೀ, ಇದ್ದದ್ದೆಲ್ಲ ಕೊಟ್ಟಾಯ್ತು. ಮುಂದಿನ ವರ್ಷ ಖಂಡಿತ. ನಾನೇ ಹೇಳಿ ಕಳಿಸ್ತೀನಿ, ನಮ್ಮತ್ತಿಗೆ ಇಲ್ಲ ಅನ್ನೋರಲ್ಲ" ಎಂದಳು. "ಇದ್ದದ್ದೆಲ್ಲ ಕೊಟ್ಟಾಯ್ತು" ಎಂಬ ಮಾತು ಆ ತಾಯಿಗೆ ಹಿರಿಮಗಳ ಮದುವೆಗೆ ಆದ ಖರ್ಚಿನಂತೆ ಕೇಳಿಸಿತಂತೆ. ಪಾಪ, ಕೊಡುಕೊಳ್ಳುವ ವಿಷಯ ದೊಡ್ಡದಲ್ಲ, ನಮಗೇನೂ ಬೇಡ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿ, ಕುಂಕುಮ ಇಡಿಸಿಕೊಂಡು ಹೋದರು. ಉಪ್ಪಿನಕಾಯಿಗೆ ಇಷ್ಟೊಂದು ಭಾವುಕರಾಗುವ ಹೆಂಗಸನ್ನು ತಾನು ನೋಡಿರಲಿಲ್ಲ ಎಂದು ಅತ್ತೆ ನನಗೆ ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದಳು.

ಮರುದಿನ ಕ್ಯಾಷಿಯರ್ ಸಾಹೇಬರು ನನ್ನ ಮೇಜಿನ ಬಳಿ ನಿಂತು, ದನಿ ತಗ್ಗಿಸಿ, "ಮುಂದಿನ ವರ್ಷ ಅಂದ್ರೆ ಯಾವ ತಿಂಗಳು ಅಂತ ಅಮ್ಮ ಕೇಳಿದ್ರು" ಎಂದರು. ನಾನು ಬೆರಳಚ್ಚು ಯಂತ್ರದಿಂದ ತಲೆಯೆತ್ತದೆ, "ಮಾರ್ಚಿ ಹೊತ್ತಿಗೆ ಕೊಯ್ಲಿಗೆ ಬರತ್ತೆ ಸಾರ್, ಆಮೇಲೆ ಉಪ್ಪಿನಲ್ಲಿ ಹಾಕಿಡ್ಬೇಕು" ಎಂದೆ. ಅವರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. ಆಮೇಲೆ, ನನ್ನ ಎದುರಿನ ಮೇಜಿನ ಹಿರಿಯ ಬೆರಳಚ್ಚುಗಾರ್ತಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು, ನನ್ನನ್ನು ಚಹಾಕ್ಕೆಂದು ಹೊರಗೆ ಕರೆದೊಯ್ದು ವಿಷಯ ತಿಳಿಸಿದರು. ನಾನು ಚಹಾ ಕುಡಿಯಲಿಲ್ಲ. ಮಧ್ಯಾಹ್ನ ಹೋಗಿ ಕ್ಯಾಷಿಯರ್ ಸಾಹೇಬರಲ್ಲಿ ಕ್ಷಮೆ ಕೇಳಿದೆ. ಅವರು ಲೆಕ್ಕದ ಪುಸ್ತಕ ಮುಚ್ಚಿ, ತಪ್ಪು ತಮ್ಮದೇ, ಇದರಿಂದ ನನಗೆ ಯಾರಾದರೂ ಏನಾದರೂ ಅಂದರೆ ತಮಗೆ ತಿಳಿಸಬೇಕು ಎಂದಷ್ಟೇ ಹೇಳಿದರು. ಮರುವಾರವೇ ಅಂಗಿಯ ಇಸ್ತ್ರಿ ನಿಂತಿತು. ಇಂಥ ಪ್ರಸಂಗದಲ್ಲಿ ಎಲ್ಲ ಗಂಡಸರೂ ಹೀಗೆ ಪುಸ್ತಕ ಮುಚ್ಚುವುದಿಲ್ಲ. ಸಮಿತಿಯ ಅಧ್ಯಕ್ಷೆಯಾಗಿ ನಾನು ಓದಿದ ದೂರುಗಳಲ್ಲಿ ಮುಚ್ಚದವರ ಕತೆಯಿದೆ, ಮತ್ತು ಅದು ನಗುತ್ತ ಬರೆಯುವ ಸಂಗತಿಯಲ್ಲ.

ಹತ್ತು ವರ್ಷ ಕಳೆದ ಮೇಲೆ ಕಚೇರಿಯ ಪ್ರವಾಸದಲ್ಲಿ ತೀರ್ಥಹಳ್ಳಿಯ ದಾರಿಯ ಮಂಡಗದ್ದೆಯಲ್ಲಿ ಬಸ್ಸು ನಿಂತಿತ್ತು. ತುಂಬಿದ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತಿದ್ದವು. ಗಂಡು ಕಡ್ಡಿ ತಂದುಕೊಡುವುದು, ಹೆಣ್ಣು ಅದನ್ನು ಸಿಕ್ಕಿಸುವುದು, ಮತ್ತೆ ಗಂಡು ಹಾರುವುದು. ಆ ಹೊತ್ತಿಗೆ ಎರಡು ಮಕ್ಕಳ ತಂದೆಯಾಗಿದ್ದ ಕ್ಯಾಷಿಯರ್ ಸಾಹೇಬರು ಅದನ್ನು ನೋಡುತ್ತ, ನನ್ನತ್ತ ತಿರುಗದೆ, ತಮ್ಮ ಪಾಲಿನ ಕತೆ ಹೇಳಿದರು. ಕೆಂಪು ಗಂಟು ಕಂಡ ದಿನ ಅವರಿಗೆ ನಿದ್ದೆ ಬಂದಿರಲಿಲ್ಲ. ಸಕ್ಕರೆಯನ್ನು ತಾಯಿಯಲ್ಲ, ಅವರೇ ಯೋಚಿಸಿ ತುಂಬಿದ್ದರು. ಅದಕ್ಕೆ ಉತ್ತರವಾಗಿ ಬಂದ ಬಾಳಕದ ಮೆಣಸನ್ನು ಹುಸಿಮುನಿಸೆಂದು ತಿಳಿದರು. ಮುನಿಸು ಇಳಿಸಲು ಜೇನು ಕಳುಹಿಸಿದರು. ಚಟ್ನಿಪುಡಿ ಬಂದಾಗ ಸ್ವಲ್ಪ ಗೊಂದಲವಾದರೂ, ಅದರಲ್ಲಿ ಬೆಲ್ಲದ ರುಚಿ ಇದ್ದುದರಿಂದ ಧೈರ್ಯ ತಂದುಕೊಂಡರು. ನಮ್ಮ ಕಡೆ ಚಟ್ನಿಪುಡಿಗೆ ಬೆಲ್ಲ ಹಾಕದೆ ಮಾಡುವುದೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೈಸೂರಿನಲ್ಲಿ ಮನಃಶಾಸ್ತ್ರ ಓದುತ್ತಿರುವ ಮಗಳಿಗೆ ಈ ಕತೆ ಹೇಳಿದಾಗ ಅವಳು ನಗಲಿಲ್ಲ. ಇದು 1982ರಲ್ಲೇ ಗೊತ್ತಾಗಿರುವ ಸಂಗತಿ ಎಂದಳು. ಆಂಟೋನಿಯಾ ಅಬ್ಬಿ ಎಂಬ ಅಮೆರಿಕದ ವಿದುಷಿ ಒಬ್ಬ ಯುವಕನನ್ನೂ ಒಬ್ಬ ಯುವತಿಯನ್ನೂ ಐದು ನಿಮಿಷ ಮಾತಿಗೆ ಕೂರಿಸಿ, ಅದನ್ನು ಇನ್ನೊಬ್ಬ ಯುವಕ, ಇನ್ನೊಬ್ಬ ಯುವತಿ ಮರೆಯಲ್ಲಿ ಕುಳಿತು ನೋಡುವಂತೆ ಮಾಡಿದರಂತೆ. ಮಾತನಾಡಿದ ಗಂಡಿಗೂ ಮರೆಯಲ್ಲಿ ನೋಡಿದ ಗಂಡಿಗೂ ಆ ಹುಡುಗಿಯ ನಡವಳಿಕೆಯಲ್ಲಿ ಆಹ್ವಾನ ಕಂಡಷ್ಟು ಹೆಣ್ಣುಮಕ್ಕಳಿಗೆ ಕಾಣಲಿಲ್ಲವಂತೆ. ಅಬ್ಬಿ ಎಂದರೆ ನಮ್ಮಲ್ಲಿ ಜಲಪಾತ. ಹೆಂಗಸರ ಸಹಜ ಸ್ನೇಹದ ಒಂದು ಹನಿಯಲ್ಲಿ ಗಂಡಸರಿಗೆ ಜೋಗವೇ ಕಾಣುವುದನ್ನು ಕಂಡುಹಿಡಿಯಲು ಆ ಹೆಸರಿನವರೇ ಬೇಕಾಯಿತು. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕಣ್ಣಳತೆಯಲ್ಲೇ ವಿಂಗಡಿಸುವ ನಮ್ಮ ಕಚೇರಿಯ ಗಂಡಸರು ಹೆಣ್ಣಿನ ನಗುವನ್ನು ಮಾತ್ರ ವಿಂಗಡಿಸದೆ, ಬಂದದ್ದೆಲ್ಲವನ್ನೂ ಅತಿ ಹೆಚ್ಚು ಬೆಲೆಯ ಸರಕಿನ ಚೀಲಕ್ಕೇ ತುಂಬುತ್ತಾರೆ.

ಅದಕ್ಕೆ ಕಾರಣವನ್ನೂ ಮಗಳು ಹೇಳಿದಳು. 2000ದಲ್ಲಿ ಮಾರ್ಟಿ ಹ್ಯಾಸಲ್ಟನ್, ಡೇವಿಡ್ ಬಸ್ ಎಂಬಿಬ್ಬರು ಮಂಡಿಸಿದ ವಾದದಂತೆ, ಯಾವ ತಪ್ಪು ಕಡಿಮೆ ದುಬಾರಿಯೋ ಮನಸ್ಸು ಆ ಕಡೆಗೇ ವಾಲುತ್ತದೆ. ತೋಟ ಕಾಯುವ ನಾಯಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋಗೆ ಅಲುಗಿದಾಗಲೆಲ್ಲ ಮಂಗ ಬಂತೆಂದು ಬೊಗಳಿದರೆ ನಾಯಿಗೆ ಗಂಟಲು ನೋವಷ್ಟೇ. ಬೊಗಳದೆ ಕುಳಿತ ದಿನ ಬಾಳೆಗೊನೆಯೇ ಹೋಗುತ್ತದೆ. ಇದು ಲಕ್ಷಾಂತರ ವರ್ಷಗಳ ವಂಶವೃದ್ಧಿಯ ಲೆಕ್ಕವೆಂದು ಆ ಪಂಡಿತರ ಅಭಿಪ್ರಾಯ. ನನಗೆ ಅಷ್ಟು ಹಿಂದೆ ಹೋಗುವ ಅಗತ್ಯ ಕಾಣುವುದಿಲ್ಲ. ವಿನೋಬನಗರದವರೆಗೆ ಹೋದರೆ ಸಾಕು. ಕ್ಯಾಷಿಯರ್ ಸಾಹೇಬರು ತಪ್ಪು ತಿಳಿದದ್ದಕ್ಕೆ ಒಂದು ವಾರ ತಲೆ ತಗ್ಗಿಸಿ ಓಡಾಡಿದರು, ಅಷ್ಟೇ. ಅದೇ ತಪ್ಪನ್ನು ನಾನು ಮಾಡಿ, ಯಾರದೋ ಸಕ್ಕರೆಯಲ್ಲಿ ಪ್ರೇಮ ಕಂಡು ಆಗುಂಬೆಗೆ ಹೊರಟಿದ್ದರೆ, ಸುದ್ದಿ ನನಗಿಂತ ಮೊದಲೇ ಸಾಗರದ ಬಸ್ಸು ಹತ್ತಿ, ಅಣ್ಣ ಮರುದಿನವೇ ಬಂದು ನನ್ನ ಟ್ರಂಕು ಕಟ್ಟಿಸುತ್ತಿದ್ದ. ಊರಿನಿಂದ ಹೊರಡುವಾಗ ಅಮ್ಮ, "ಗಂಡಸರ ಮೇಜಿನಿಂದ ಬಂದಿದ್ದೆಲ್ಲ ಆಫೀಸಿನ ಸ್ವತ್ತು ಅಂತ ತಿಳ್ಕೋ" ಎಂದಿದ್ದಳು. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಎಷ್ಟರಮಟ್ಟಿಗೆಂದರೆ, ನಿಜವಾಗಿಯೂ ಪ್ರೇಮ ಬಂದು ಮೇಜಿನ ಮೇಲೆ ಕುಳಿತಾಗ ಅದನ್ನು ದಾಸ್ತಾನು ಪುಸ್ತಕಕ್ಕೆ ಸೇರಿಸಿಬಿಟ್ಟೆ.

ಆಗ ಕಾರ್ಬನ್ ಹಾಳೆಯ ಕಾಲ. ಒಬ್ಬ ಬೆರಳಚ್ಚುಗಾರ್ತಿಗೆ ತಿಂಗಳಿಗೆ ಎಂಟು ಹಾಳೆ. ಮೂರನೆಯ ವಾರಕ್ಕೆ ಅವು ಸವೆದು, ಪ್ರತಿಯಲ್ಲಿ ಒತ್ತಕ್ಷರಗಳು ಮಾಯವಾಗಿ, ಅಧ್ಯಕ್ಷರೆಲ್ಲ ಅದಕ್ಷರಾಗುತ್ತಿದ್ದರು. ನನಗೆ ಮಾತ್ರ ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಡ್ರಾಯರಿನಲ್ಲಿ ಹೊಸ ಕಾರ್ಬನ್ ಇರುತ್ತಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದವರು ತಮ್ಮ ಕೆಲಸದಲ್ಲಿ ಬಹಳ ಚುರುಕು ಎಂದುಕೊಂಡಿದ್ದೆ. ಮಳೆಗಾಲದಲ್ಲಿ ನನ್ನ ಛತ್ರಿಯನ್ನು ಉಗ್ರಾಣದ ಒಳಗೆ ಬಿಚ್ಚಿಟ್ಟು ಒಣಗಿಸುತ್ತಿದ್ದವರೂ ಅವರೇ. ನೆಲ ಒದ್ದೆಯಾಗದಿರಲೆಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಬೇರೆಯವರ ಛತ್ರಿಗಳು ನೆಲ ಒದ್ದೆ ಮಾಡುತ್ತಲೇ ಇದ್ದುದನ್ನು ನಾನು ಯಾಕೆ ಗಮನಿಸಲಿಲ್ಲವೆಂದು ಈಗ ಆಶ್ಚರ್ಯವಾಗುತ್ತದೆ. ಇದು ಎರಡು ವರ್ಷ ನಡೆಯಿತು.

ಇದನ್ನು ಕಂಡುಹಿಡಿದವರು ಲೆಕ್ಕಪರಿಶೋಧಕರು. ವಾರ್ಷಿಕ ತಪಾಸಣೆಗೆ ಬಂದ ಅವರು ಉಗ್ರಾಣದ ದಾಸ್ತಾನು ಪುಸ್ತಕವನ್ನು ತಿರುವಿ, ಒಂದೇ ಮೇಜಿಗೆ ತಿಂಗಳಿಗೆ ಇಪ್ಪತ್ತು ಹಾಳೆ ಹೋಗಿರುವುದೇಕೆಂದು ಆಕ್ಷೇಪಣೆ ಬರೆದರು. ಆ ಆಕ್ಷೇಪಣೆಯನ್ನೂ, ಅದಕ್ಕೆ ಉಗ್ರಾಣದವರು ಕೊಟ್ಟ ಸಮಜಾಯಿಷಿಯನ್ನೂ ಬೆರಳಚ್ಚು ಮಾಡುವ ಕೆಲಸ ನನಗೇ ಬಂತು. "ಸದರಿ ನೌಕರರು ಪ್ರತಿ ಅಕ್ಷರವನ್ನೂ ಶ್ರದ್ಧೆಯಿಂದ ಒತ್ತುವುದರಿಂದ ಕಾರ್ಬನ್ ಬೇಗ ಸವೆಯುತ್ತದೆಂದು ಭಾವಿಸಿ ನೀಡಲಾಗಿದೆ" ಎಂದು ಅವರು ಬರೆದಿದ್ದರು. ಅವರೇ ಕೊಟ್ಟ ಹೊಸ ಕಾರ್ಬನ್ ಇಟ್ಟು, ಮೂರು ಪ್ರತಿ ತೆಗೆಯುತ್ತ, ಆ ವಾಕ್ಯದ ನಡುವಿನಲ್ಲಿ ನನ್ನ ಬೆರಳು ನಿಂತಿತು. ಮೂರನೆಯ ಪ್ರತಿಯಲ್ಲೂ ಒತ್ತಕ್ಷರಗಳೆಲ್ಲ ಸ್ಪಷ್ಟವಾಗಿ ಬಂದಿದ್ದವು.

ಇನ್ನು ನನ್ನ ಸರದಿ ಎಂದು ನಾನು ಭಾವಿಸಿದೆ. ಹೆಂಗಸು ಕಚೇರಿಯಲ್ಲಿ ತನ್ನ ಮನಸ್ಸನ್ನು ತಿಳಿಸುವುದು ಹೇಳಿಯಲ್ಲ, ಕೇಳಿ. ಬೇಡದ ವಸ್ತುವೊಂದನ್ನು ಬೇಕೆಂದು ಕೇಳುವುದು, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದು. ಹೊಸ ಸೀರೆಯುಟ್ಟು, ಉಗ್ರಾಣದ ಬಾಗಿಲಿಗೆ ಹೋಗಿ, ಒಂದಿಷ್ಟು ಹೆಚ್ಚೇ ಅನ್ನುವಷ್ಟು ನಕ್ಕು, "ಗುಂಡುಸೂಜಿ ಇದೆಯಾ?" ಎಂದೆ. ಗಂಡಸರಿಗೆ ಇಲ್ಲದ ಅರ್ಥವೂ ಕಾಣುತ್ತದೆಂದು ಅಮೆರಿಕದವರು ಹೇಳಿರುವಾಗ, ಇಷ್ಟು ಸ್ಪಷ್ಟವಾದದ್ದು ಕಾಣದೆ ಇರುತ್ತದೆಯೇ? ಆದರೆ ಆಕ್ಷೇಪಣೆಯ ಬಿಸಿ ತಾಗಿದ್ದ ಆ ಮನುಷ್ಯ ನನ್ನ ಸೀರೆಯನ್ನಾಗಲಿ ನಗುವನ್ನಾಗಲಿ ನೋಡದೆ, ಬೇಡಿಕೆ ಪಟ್ಟಿಯ ಪುಸ್ತಕವನ್ನು ಮುಂದಕ್ಕೆ ತಳ್ಳಿ, "ಇದರಲ್ಲಿ ಬರೆದು ಮೇಲ್ವಿಚಾರಕರ ಸಹಿ ಹಾಕಿಸಿ ಕೊಡಿ ಮೇಡಂ" ಎಂದರು. ನಾನು ಬರೆದೆ, ಸಹಿ ಹಾಕಿಸಿದೆ, ಐವತ್ತು ಗುಂಡುಸೂಜಿ ಎಣಿಸಿಕೊಂಡು ಬಂದೆ. ಮರುವಾರ ಅಂಟಿನ ಬಾಟಲಿ. ಅದಾದ ಮೇಲೆ ಅರಗು. ಪ್ರತಿ ಸಲವೂ ಸಹಿ. ಕೊನೆಗೆ ಅಕ್ಕ ಬೇಸತ್ತು ಉಗ್ರಾಣಕ್ಕೆ ಹೋಗಿ, "ಅವಳಿಗೆ ಗುಂಡುಸೂಜಿ ಬೇಕಾಗಿಲ್ಲ ಕಣಯ್ಯಾ" ಎಂದು ಹೇಳಿ ಬಂದರು. ಅದರ ಅರ್ಥ ಬಿಡಿಸಲು ಅವರಿಗೆ ಎರಡು ದಿನ ಹಿಡಿಯಿತು. ಮೊದಲ ದಿನ ಅವರು ಗುಂಡುಸೂಜಿಗಳನ್ನು ವಾಪಸು ಕೇಳಲು ಬಂದಿದ್ದರು.

2012ರಲ್ಲಿ ಅಮೆರಿಕದಲ್ಲೇ ಇನ್ನೊಂದು ಅಧ್ಯಯನ ನಡೆಯಿತಂತೆ. ಹುಡುಗ ಹುಡುಗಿಯರು ಸರದಿಯಂತೆ ಮೂರು ಮೂರು ನಿಮಿಷ ಭೇಟಿಯಾಗಿ, ಎದುರಿನವರಿಗೆ ತಮ್ಮ ಮೇಲೆ ಎಷ್ಟು ಆಸಕ್ತಿ ಹುಟ್ಟಿರಬಹುದೆಂದು ಊಹಿಸಬೇಕು. ಹುಡುಗರ ಊಹೆ ನಿಜಕ್ಕಿಂತ ಹೆಚ್ಚಾಯಿತು, ಹುಡುಗಿಯರದು ಕಡಿಮೆಯಾಯಿತು. ಮಗಳು ಇದನ್ನು ಓದಿ ಹೇಳಿದಾಗ ಅವಳ ತಂದೆ ಪತ್ರಿಕೆಯಿಂದ ತಲೆಯೆತ್ತದೆ, ಆ ಕಾಲೇಜುಗಳಲ್ಲಿ ಲೆಕ್ಕಪರಿಶೋಧನೆ ಇರುವುದಿಲ್ಲ ಎಂದರು. ನಾನೂ ಈ ಲೆಕ್ಕಗಳನ್ನು ಸಂಪೂರ್ಣವಾಗಿ ನಂಬುವವಳಲ್ಲ. ನಮ್ಮ ಒಂದೇ ಕಚೇರಿಯ ಇಬ್ಬರು ಗಂಡಸರಲ್ಲಿ ಒಬ್ಬರು ಲಾಡಿಯಲ್ಲಿ ಮದುವೆ ಕಂಡರು, ಇನ್ನೊಬ್ಬರು ಗುಂಡುಸೂಜಿಯಲ್ಲಿ ಗುಂಡುಸೂಜಿಯನ್ನೇ ಕಂಡರು. ಆದರೂ ಒಂದು ವ್ಯತ್ಯಾಸ ಮೂವತ್ತು ವರ್ಷಗಳಲ್ಲಿ ಬದಲಾಗಿಲ್ಲ: ತಿಳಿವಳಿಕೆಯ ಸಭೆಯಲ್ಲಿ ಹುಡುಗರು ಏನೇನು ಮಾಡಬಹುದೆಂದು ಕೇಳುತ್ತಾರೆ, ಹುಡುಗಿಯರು ಏನಾದರೂ ಆದರೆ ಯಾರಿಗೆ, ಎಷ್ಟು ದಿನದೊಳಗೆ ಹೇಳಬೇಕೆಂದು ಕೇಳುತ್ತಾರೆ. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ ಎಂದು ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ.

ನಮ್ಮ ಮದುವೆ 1998ರ ವೈಶಾಖದಲ್ಲಿ ಆಯಿತು. ಹೆಚ್ಚುವರಿ ಕಾರ್ಬನ್ನಿನ ಹಣ ಅವರ ಸಂಬಳದಲ್ಲಿ ಕಡಿತವಾಗಿತ್ತು. ಲೋಕದಲ್ಲಿ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಟ್ಟು ಹಾಳಾದರೆ ತಾನು ಕಾರ್ಬನ್ ದಕ್ಷಿಣೆ ಕೊಟ್ಟು ಹಾಳಾದೆನೆಂದು ಅವರು ನೆಂಟರ ಮುಂದೆ ಇಂದಿಗೂ ಹೇಳುತ್ತಾರೆ. ಮದುವೆಯ ದಿನ ಕ್ಯಾಷಿಯರ್ ಸಾಹೇಬರು ತಾಯಿಯೊಡನೆ ಬಂದಿದ್ದರು. ಆ ತಾಯಿ ಊಟದಲ್ಲಿ ಎರಡು ಸಲ ಮಿಡಿ ಹಾಕಿಸಿಕೊಂಡರೆಂದು ಅತ್ತೆ ನೋಡಿಕೊಂಡು ಬಂದು ನನಗೆ ಹೇಳಿದಳು.

ಮೊನ್ನೆ ಕ್ಯಾಷಿಯರ್ ಸಾಹೇಬರು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದರು. ನಿವೃತ್ತರಾಗಿ ಕೆಲವು ವರ್ಷಗಳಾಗಿವೆ. ಹುಡುಗಿ ತನ್ನ ಕಚೇರಿಯ ಹುಡುಗನನ್ನೇ ಒಪ್ಪಿದ್ದಾಳಂತೆ. ಯಾರು ಮೊದಲು ಕೇಳಿದ್ದು ಎಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರಂತೆ. ಕರೆಯೋಲೆಯ ಜೊತೆಗೆ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದಿಟ್ಟರು. ತಾಯಿ ತೀರಿಕೊಂಡ ಮೇಲೆ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿತಂತೆ. ಅಂದು ಕೊಬ್ಬರಿ ಮಿಠಾಯಿಯೊಡನೆ ಬಂದಿದ್ದ ಅದನ್ನು ಅತ್ತೆ ಸಂಪ್ರದಾಯದಂತೆ ಏನನ್ನೋ ತುಂಬಿ ಮರಳಿಸಿದ್ದಳೆಂದು ಕಾಣುತ್ತದೆ. ಈಗ ಅದರಲ್ಲಿ ಸಕ್ಕರೆ ತುಂಬಿತ್ತು. ಸಕ್ಕರೆ ಕಾಯಿಲೆಯ ನನ್ನ ಯಜಮಾನರು ಅದನ್ನೂ ನನ್ನನ್ನೂ ಒಂದು ಸಲ ನೋಡಿ, ಒಳಗೆ ಹೋಗಿ ಚಹಾಕ್ಕೆ ಹಾಲಿಟ್ಟರು.

ಮದುವೆಗೆ ಇನ್ನು ಹದಿನೈದು ದಿನವಿದೆ. ಬಾಟಲಿಯನ್ನು ಬರಿದಾಗಿ ಕೊಡುವ ಹಾಗಿಲ್ಲ. ಈ ವರ್ಷದ ಮಿಡಿಯನ್ನೇ ತುಂಬಿದ್ದೇನೆ. ಮುಚ್ಚಳ ಈಗಲೂ ಸಡಿಲವೇ ಇದೆ. ರಬ್ಬರ್ ಬ್ಯಾಂಡ್ ಹಾಕಿದ್ದೇನೆ.